ಕೊಡಗಿನ ತಂಪಿನಲ್ಲೂ ಕುದುರೆ ಸವಾರರ ಚರ್ಮ ಸುಡುತ್ತದಾ?

ಪ್ರಶ್ನೆ: ನಾವು ಮಡಿಕೇರಿ ಹತ್ತಿರ ಇದ್ದೇವೆ. ಮಗಳು ಎರಡು ತಿಂಗಳಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಇಲ್ಲಿ ಅಷ್ಟೇನೂ ಸೆಕೆ ಇಲ್ಲ. ಆದರೂ ಅವಳ ಕತ್ತು, ಕಿವಿ, ಅಂಗೈ ಹಿಂಭಾಗ ಕಪ್ಪಾಗಿ ಸಿಪ್ಪೆ ಏಳುತ್ತಿದೆ. ತಂಪು ಊರಿನಲ್ಲೂ ಹೀಗಾಗುತ್ತಾ? ಏನು ಮಾಡಬೇಕು?

ಉತ್ತರ: ಆಗುತ್ತದೆ. ತಂಪು ಊರಿನಲ್ಲಿ ನಾವು ಹುಷಾರಾಗಿರುವುದಿಲ್ಲ, ಹಾಗಾಗಿ ಜಾಸ್ತಿಯೇ ಆಗುತ್ತದೆ. ಮೈಗೆ ತಾಗುವ ಶಾಖ ಬೇರೆ, ಚರ್ಮ ಸುಡುವ ನೇರಳಾತೀತ ಕಿರಣ ಬೇರೆ. ಆ ಕಿರಣ ಬಿದ್ದಾಗ ನಮಗೆ ಏನೂ ಗೊತ್ತಾಗುವುದಿಲ್ಲ. ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗಿಸಿದವರನ್ನು ಕೇಳಿ. ಬೆಳಿಗ್ಗೆ ಸ್ವೆಟರ್ ಬಿಚ್ಚಲು ಮನಸ್ಸಾಗುವುದಿಲ್ಲ, ಸಂಜೆ ಮುಖ ತೊಳೆದರೆ ಉರಿ.

ಇದಕ್ಕೆ ನಮ್ಮ ಎತ್ತರವೂ ಕಾರಣ. ಮಂಗಳೂರು ಸಮುದ್ರದ ಪಕ್ಕದಲ್ಲಿದೆ, ಮಡಿಕೇರಿ ಸುಮಾರು 1150 ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದರೆ ನೇರಳಾತೀತ ಕಿರಣ ಶೇಕಡ 10ರಷ್ಟು ಹೆಚ್ಚುತ್ತದೆ. ಅಂದರೆ ಆಕಾಶ ತಿಳಿಯಾಗಿರುವ ದಿನ, ಬೆವರು ಸುರಿಸುವ ಮಂಗಳೂರಿನವರಿಗಿಂತ ಗಾಳಿಗೆ ಮೈಯೊಡ್ಡಿ ನಿಂತ ನಮಗೇ ಅದು ಜಾಸ್ತಿ ಬೀಳುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಆಗಸ್ಟಿನಲ್ಲಿ ಇನ್ನೊಮ್ಮೆ ಬರುತ್ತಾನೆ, ಆಗ ಮಳೆಮೋಡ ದಟ್ಟವಾಗಿರುತ್ತದೆ. ಆದರೆ ತೆಳು ಮೋಡವನ್ನು ನಂಬಬೇಡಿ, ಅದು ಬಹುಪಾಲು ಕಿರಣವನ್ನು ಒಳಗೆ ಬಿಟ್ಟುಬಿಡುತ್ತದೆ.

ಸವಾರರಿಗೆ ಇನ್ನೂ ಒಂದು ಕಷ್ಟ. ತೋಟದ ದಾರಿಯಲ್ಲಿ ಸಿಲ್ವರ್ ಓಕ್, ಹಾಲುವಾಣದ ನೆರಳಾದರೂ ಇರುತ್ತದೆ. ಸವಾರಿ ಕಲಿಸುವ ಮೈದಾನದಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ ನೆರಳೆಲ್ಲಿ? ಲಗಾಮು ಹಿಡಿದಾಗ ಕೈಯ ಹಿಂಭಾಗ ಬಿಸಿಲಿಗೆ ತೆರೆದೇ ಇರುತ್ತದೆ. ಹೆಲ್ಮೆಟ್ಟಿನ ಮುಂದಿನ ಚಿಕ್ಕ ಅಂಚು ಹಣೆಗೆ ಸಾಕು, ಕಿವಿಗೂ ಕತ್ತಿಗೂ ಏನೂ ಮಾಡುವುದಿಲ್ಲ. ನಾನು ಕಲಿಯುತ್ತಿದ್ದ ಮೊದಲ ಬೇಸಿಗೆಯಲ್ಲಿ ಮುಖಕ್ಕೆ ಚೆನ್ನಾಗಿ ಕ್ರೀಮ್ ಹಚ್ಚಿ ಕಿವಿ ಮರೆತಿದ್ದೆ. ಆ ರಾತ್ರಿ ಮಗ್ಗುಲಾಗಿ ಮಲಗೋಕೆ ಆಗಲಿಲ್ಲ.

ಮೊದಲ ಮದ್ದು ಬಟ್ಟೆ. ಇದನ್ನು ನಮ್ಮ ತೋಟಗಳಲ್ಲಿ ಕೆಲಸ ಮಾಡುವ ಹೆಂಗಸರಿಂದ ಕಲಿಯಬೇಕು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ, ಕತ್ತಿನ ಹಿಂದೆ ಇಳಿಬಿಟ್ಟ ಸೆರಗು. ಇದಕ್ಕಿಂತ ಒಳ್ಳೆಯ ರಕ್ಷಣೆ ನಾನು ಕಂಡಿಲ್ಲ. ಮಗಳಿಗೂ ಕಾಲರ್ ಇರುವ, ಒತ್ತಾದ ನೇಯ್ಗೆಯ, ಸಡಿಲವಾದ ತುಂಬುತೋಳಿನ ಅಂಗಿ ಹಾಕಿಸಿ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಬೆಳಕು ತೂರಿ ಬಂದರೆ ಕಿರಣವೂ ಬರುತ್ತದೆ. ತೆಳುವಾದ ಬಿಳಿ ಟಿ-ಶರ್ಟ್ ಬೆವರಿನಲ್ಲಿ ನೆನೆದರೆ ಇನ್ನೂ ಕಡಿಮೆ ತಡೆಯುತ್ತದೆ. ಕೈಗೆ ಸವಾರಿಯ ತೆಳು ಗ್ಲೌಸ್ ಸಾಕು, ಲಗಾಮಿನ ಹಿಡಿತಕ್ಕೂ ಒಳ್ಳೆಯದು.

ಕತ್ತಿಗೆ ಕಾಟನ್ ಬಟ್ಟೆ ಸುತ್ತಿ, ಎರಡೂ ತುದಿಯನ್ನು ಅಂಗಿಯೊಳಗೆ ಸಿಕ್ಕಿಸಿ. ಜೋತಾಡುವ ತುದಿ ಕಾಫಿ ಗಿಡದ ಕೊಂಬೆಗೆ ಸಿಕ್ಕಿಕೊಂಡರೆ ಅಪಾಯ. ಬಿಸಿಲು ಅಂತ ಹೆಲ್ಮೆಟ್ ಬಿಟ್ಟು ಅಗಲ ಟೋಪಿ ಹಾಕುವುದು ಮಾತ್ರ ಬೇಡವೇ ಬೇಡ. ಹೆಲ್ಮೆಟ್ಟಿನ ಹೊರಗಿನಿಂದ ಸಿಕ್ಕಿಸುವ ಬಟ್ಟೆಯ ಅಗಲ ಅಂಚುಗಳು ಸಿಗುತ್ತವೆ, ಅವು ಮೆದುವಾಗಿರಲಿ. ಒಳಗೆ ದಪ್ಪ ಟವೆಲ್ ತುರುಕಿದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ಕಾಪಾಡುವುದೂ ಇಲ್ಲ.

ಬಟ್ಟೆ ಮುಚ್ಚದ ಕಡೆಗೆ ಸನ್‌ಸ್ಕ್ರೀನ್. ಎಸ್‌ಪಿಎಫ್ ಅಂದರೆ ಅದು ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ. ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದರೆ ಸುಡುವ ಕಿರಣದಲ್ಲಿ ಸುಮಾರು ಶೇಕಡ 97ನ್ನು ತಡೆಯುತ್ತದೆ, 50 ಆದರೆ 98. ವ್ಯತ್ಯಾಸ ಅಷ್ಟೇ. ತಪ್ಪಾಗುವುದು ಅಳತೆಯಲ್ಲಿ. ಮುಖ, ಕತ್ತಿಗೆ ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು ಬೇಕು. ನಾವು ಸುಮ್ನೆ ಬೊಟ್ಟು ಇಟ್ಟಂತೆ ಹಚ್ಚುತ್ತೇವೆ, ಅಲ್ವಾ? ಹೊರಡುವ ಕಾಲು ಗಂಟೆ ಮೊದಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿಯ ತುದಿ, ಕತ್ತಿನ ಹಿಂಭಾಗ, ಗಲ್ಲದ ಕೆಳಗೆ ಮರೆಯಬೇಡಿ. ಆಮೇಲೆ ಅಂಗೈ ಒರೆಸಿಕೊಳ್ಳಲಿ, ಇಲ್ಲದಿದ್ದರೆ ಲಗಾಮು ಜಾರುತ್ತದೆ. ಬೆವರಿನ ಜೊತೆ ಕ್ರೀಮ್ ಕಣ್ಣಿಗಿಳಿದು ಉರಿಯುವುದಾದರೆ ಹಣೆಗೆ ಸತುವಿನ ಆಕ್ಸೈಡ್ ಇರುವ ಗಟ್ಟಿ ಸ್ಟಿಕ್ ವಾಸಿ.

ಕಪ್ಪು ಚರ್ಮಕ್ಕೆ ಇದೆಲ್ಲ ಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಕು. ನಮಗೆ ಕೆಂಪಾಗುವುದು ಕಡಿಮೆ, ಆದರೆ ಕಲೆ, ಬಂಗು ಬಂದರೆ ಬೇಗ ಹೋಗುವುದಿಲ್ಲ. ಇಲಿಜ್ವರಕ್ಕೋ ಮೊಡವೆಗೋ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಹುಷಾರು. ಆ ಮಾತ್ರೆಯಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ.

ಹೊತ್ತು ನೋಡಿಕೊಳ್ಳುವುದಕ್ಕೆ ಒಂದು ಸುಲಭ ದಾರಿ ಇದೆ. ಮಗಳು ನೆಲದ ಮೇಲೆ ನಿಂತಾಗ ನೆರಳು ಅವಳಿಗಿಂತ ಗಿಡ್ಡವಾಗಿದ್ದರೆ ಬಿಸಿಲು ಜೋರಾಗಿದೆ ಅಂತ. ನಮ್ಮಲ್ಲಿ ನೆರಳು ತೀರಾ ಚಿಕ್ಕದಾಗುವುದು ಹನ್ನೆರಡೂವರೆ ಹತ್ತಿರ. ಪಾಠವನ್ನು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಇಡಲು ಕೇಳಿ. ಈಗ ಸಿಪ್ಪೆ ಏಳುತ್ತಿರುವ ಜಾಗವನ್ನು ಕೀಳಬೇಡಿ, ತಣ್ಣೀರಿನ ಬಟ್ಟೆ ಇಡಿ, ವಾಸಿಯಾಗುವವರೆಗೆ ಬಟ್ಟೆಯಿಂದ ಮುಚ್ಚಿಡಿ. ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಿ.

ಕುದುರೆಯ ಮುಖವನ್ನೂ ಒಮ್ಮೆ ನೋಡಿ. ಮೂತಿಯ ಮೇಲೆ ಬಿಳಿ ಕೂದಲು, ಅಡಿಯಲ್ಲಿ ಗುಲಾಬಿ ಚರ್ಮ ಇದ್ದರೆ ಅದೂ ಸುಡುತ್ತದೆ. ಮಧ್ಯಾಹ್ನ ನೆರಳಿನಲ್ಲಿ ಕಟ್ಟಬೇಕು, ಮೂತಿಯವರೆಗೆ ಬರುವ ಜಾಲರಿ ಮುಖವಾಡವೂ ಆಗುತ್ತದೆ. ನಮ್ಮ ಬೇಲಿಗಳಲ್ಲಿ ಬೆಳೆಯುವ ಲಂಟಾನ ತಿಂದ ದನಗಳಿಗೆ ಪಿತ್ತಜನಕಾಂಗ ಕೆಟ್ಟು, ಬಿಸಿಲಿಗೆ ಚರ್ಮ ಸುಟ್ಟು ಸುಲಿಯುತ್ತದೆ. ಕುದುರೆಯನ್ನೂ ಅದರ ಹತ್ತಿರ ಮೇಯಲು ಬಿಡಬೇಡಿ. ಬಿಳಿ ಕೂದಲಿರುವ ಕಡೆ ಮಾತ್ರ ಚರ್ಮ ಇದ್ದಕ್ಕಿದ್ದಂತೆ ಸುಲಿಯಲು ಶುರುವಾದರೆ ಮುಲಾಮು ಹುಡುಕುತ್ತಾ ಕೂರಬೇಡಿ, ಅದೇ ದಿನ ಪಶುವೈದ್ಯರನ್ನು ಕರೆಸಿ.