ಅತಿಥಿ ಕಳಿಸಿದ ಫೋಟೊ ತೆರೆಯುವ ಮುನ್ನ

ಮಡಿಕೇರಿಯ ಆಸುಪಾಸಿನಲ್ಲಿ ಹೋಂಸ್ಟೇ ನಡೆಸುವವರಿಗೆ ಬರುವ ಇಮೇಲ್‌ಗಳಲ್ಲಿ ಬಹುಪಾಲು ಗುರುತಿಲ್ಲದವರದ್ದೇ. ಆ ಕಸುಬೇ ಹಾಗೆ. ಬೆಂಗಳೂರಿನಿಂದ, ಚೆನ್ನೈಯಿಂದ ಯಾರೋ ಬರೆಯುತ್ತಾರೆ, ರೂಮು ಕೇಳುತ್ತಾರೆ, ಗುರುತಿನ ಚೀಟಿಯ ಪ್ರತಿ ಕಳಿಸುತ್ತಾರೆ. ವಿದೇಶಿ ಅತಿಥಿಯಾದರೆ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕೊಡಬೇಕು, ಅದಕ್ಕೆ ಪಾಸ್‌ಪೋರ್ಟ್ ಪ್ರತಿ ಬೇಕೇ ಬೇಕು. ಇಂಥವರಿಗೆ ‘ಗುರುತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯಬೇಡಿ’ ಎಂದು ಹೇಳಿ ಏನು ಪ್ರಯೋಜನ? ತೆರೆಯದಿದ್ದರೆ ವ್ಯಾಪಾರವೇ ನಡೆಯುವುದಿಲ್ಲ. ಗೋಣಿಕೊಪ್ಪದ ಕಾಫಿ ವ್ಯಾಪಾರಿಗೂ ಕುಶಾಲನಗರದ ಆಡಿಟರ್ ಕಚೇರಿಗೂ ಇದೇ ಕಷ್ಟ.

ಮೋಸಗಾರರಿಗೂ ಇದು ಚೆನ್ನಾಗಿ ಗೊತ್ತು. ಹೋಟೆಲಿನವರಿಗೆಂದೇ ಬರೆದ ಮೇಲ್‌ಗಳು ಪ್ರಪಂಚದ ಎಷ್ಟೋ ಕಡೆ ಓಡಾಡಿವೆ. ಅವುಗಳ ಧಾಟಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಹೋದ ವಾರ ನಿಮ್ಮಲ್ಲಿ ಉಳಿದಿದ್ದೆವು. ಹಾಸಿಗೆಯಲ್ಲಿ ತಿಗಣೆ ಇತ್ತು. ಮಗುವಿನ ಮೈಯೆಲ್ಲ ದದ್ದು ಎದ್ದಿದೆ. ಫೋಟೊ ಕಳಿಸಿದ್ದೇವೆ, ನೋಡಿ. ಉತ್ತರ ಬರದಿದ್ದರೆ ದೂರು ಕೊಡುತ್ತೇವೆ.’ ಓದಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಕೈ ತಾನಾಗಿಯೇ ಫೈಲಿನ ಕಡೆಗೆ ಹೋಗುತ್ತದೆ. ಇಂಥದ್ದಕ್ಕೆ ಸಿಕ್ಕಿಬಿದ್ದವರನ್ನು ಬುದ್ಧಿ ಇಲ್ಲದವರು ಎಂದು ಹಂಗಿಸುವುದು ನನಗೆ ಸರಿ ಕಾಣುವುದಿಲ್ಲ. ಅತಿಥಿಗಳ ಬಗ್ಗೆ ಕಾಳಜಿ ಇರುವವರೇ ಇಲ್ಲಿ ಬೇಗ ಕ್ಲಿಕ್ ಮಾಡುತ್ತಾರೆ. ಹಾಗಾಗಿ ಅವರು ಕಲಿಯಬೇಕಾದದ್ದು ಒಂದೇ: ಫೈಲನ್ನು ನಮ್ಮ ಕಂಪ್ಯೂಟರಿನ ಕೈಗೆ ಕೊಡದೆ ಅದರೊಳಗೆ ಏನಿದೆ ಎಂದು ನೋಡುವುದು ಹೇಗೆ?

ಅದಕ್ಕೆ ಮೊದಲು ಡಬಲ್ ಕ್ಲಿಕ್ ಮಾಡಿದಾಗ ಏನಾಗುತ್ತದೆ ಎಂದು ತಿಳಿಯಬೇಕು. ಇನ್‌ಬಾಕ್ಸ್‌ನಲ್ಲಿ ಸುಮ್ನೆ ಬಿದ್ದಿರುವ ಫೈಲ್ ತಾನಾಗಿ ಏನೂ ಮಾಡುವುದಿಲ್ಲ. ಕ್ಲಿಕ್ ಮಾಡಿದಾಗ ವಿಂಡೋಸ್ ಆ ಫೈಲಿನ ಹೆಸರಿನ ಬಾಲವನ್ನು, ಅಂದರೆ ಕೊನೆಯ ಚುಕ್ಕೆಯ ನಂತರದ ಅಕ್ಷರಗಳನ್ನು ನೋಡುತ್ತದೆ. ಜೆಪಿಜಿ ಎಂದಿದ್ದರೆ ಚಿತ್ರ ತೋರಿಸುವ ಪ್ರೋಗ್ರಾಂಗೆ ಕೊಡುತ್ತದೆ, ಡಾಕ್ಸ್ ಎಂದಿದ್ದರೆ ವರ್ಡ್‌ಗೆ. ಇಎಕ್ಸ್‌ಇ ಎಂದಿದ್ದರೆ? ಆಗ ಆ ಫೈಲೇ ಒಂದು ಪ್ರೋಗ್ರಾಂ, ಅದೇ ಓಡಲು ಶುರುವಾಗುತ್ತದೆ. ಆ ಕಂಪ್ಯೂಟರಿನಲ್ಲಿ ನೀವು ಏನೇನು ಮಾಡಬಹುದೋ ಹೆಚ್ಚುಕಡಿಮೆ ಅದನ್ನೆಲ್ಲ ಅದೂ ಮಾಡಬಹುದು. ನಿಮ್ಮ ಲೆಕ್ಕದ ಹಾಳೆ ಓದಬಹುದು, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯಬಹುದು, ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದು.

2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ವರ್ಮ್ (ತನ್ನ ಪ್ರತಿಗಳನ್ನು ತಾನೇ ಹರಡಿಕೊಳ್ಳುವ ಪ್ರೋಗ್ರಾಂ) ಗೆದ್ದದ್ದು ಈ ಬಾಲದ ಆಟದಿಂದಲೇ. ಅದರ ಅಟ್ಯಾಚ್‌ಮೆಂಟಿನ ಹೆಸರು ‘ಲವ್ ಲೆಟರ್ ಫಾರ್ ಯೂ ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್’. ನಿಜವಾದ ಬಾಲ ವಿಬಿಎಸ್, ಅಂದರೆ ಓಡುವ ಸ್ಕ್ರಿಪ್ಟ್. ಆದರೆ ವಿಂಡೋಸ್ ತನಗೆ ಗೊತ್ತಿರುವ ಬಾಲವನ್ನು ಮರೆಮಾಡಿ ತೋರಿಸುತ್ತಿತ್ತು. ಜನರಿಗೆ ಕಂಡದ್ದು ಟಿಎಕ್ಸ್‌ಟಿ ಎಂದು ಮುಗಿಯುವ ಒಂದು ಮಾಮೂಲಿ ಪತ್ರ. ತೆರೆದವರ ವಿಳಾಸ ಪುಸ್ತಕದಲ್ಲಿ ಇದ್ದವರಿಗೆಲ್ಲ ಅದು ತನ್ನ ಪ್ರತಿ ಕಳಿಸಿತು, ಅವರ ಫೋಟೊ ಫೈಲುಗಳನ್ನು ಅಳಿಸಿ ಅಲ್ಲೂ ತನ್ನನ್ನೇ ಬರೆದುಕೊಂಡಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಕಂಪ್ಯೂಟರುಗಳು ಕೆಟ್ಟವು.

ಇಷ್ಟಾದರೂ ವಿಂಡೋಸ್ 11ರಲ್ಲೂ ಈ ಬಾಲ ಮೊದಲಿನಿಂದಲೇ ಮರೆಯಾಗಿರುತ್ತದೆ. ಇದು ತಪ್ಪು ಎಂದೇ ನನ್ನ ಅಭಿಪ್ರಾಯ. ನೋಡಲು ಅಂದವಾಗಿರಲಿ ಎಂದು ತೀರಾ ಬೇಕಾದ ಮಾಹಿತಿಯನ್ನೇ ಬಚ್ಚಿಡಬಾರದು. ಸರಿಪಡಿಸುವುದು ಸುಲಭ. ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ ಒತ್ತಿ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್. ಓದು ನಿಲ್ಲಿಸಿ ಈಗಲೇ ಮಾಡಿದರೂ ಸರಿ.

ಬಾಲ ಕಂಡರೂ ಮೋಸಕ್ಕೆ ಇನ್ನೊಂದು ದಾರಿ ಇದೆ. ಉರ್ದು, ಅರೇಬಿಕ್ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು ಅಲ್ವಾ? ಅವುಗಳಿಗಾಗಿ, ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಇಲ್ಲಿಂದ ಮುಂದೆ ಬಲದಿಂದ ಎಡಕ್ಕೆ ತೋರಿಸು’ ಎಂದು ಹೇಳುವ, ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ. ಅದನ್ನು ಫೈಲಿನ ಹೆಸರಿನ ನಡುವೆ ತುರುಕಿದರೆ, ಇಎಕ್ಸ್‌ಇ ಎಂದು ಮುಗಿಯುವ ಹೆಸರು ಪರದೆಯ ಮೇಲೆ ಜೆಪಿಜಿ ಎಂದು ಮುಗಿದ ಹಾಗೆ ಕಾಣುತ್ತದೆ. ಫೈಲಿನ ಪಕ್ಕದ ಐಕಾನ್ ಅಂತೂ ಪ್ರೋಗ್ರಾಂ ಬರೆದವನು ಇಟ್ಟದ್ದೇ.

ಹಾಗಾದರೆ ಫೈಲಿನ ನಿಜವಾದ ಜಾತಿ ಎಲ್ಲಿ ಸಿಗುತ್ತದೆ? ಮೂಟೆಯ ಮೇಲೆ ಬರೆದದ್ದನ್ನು ನಂಬಿ ಕೊಡಗಿನಲ್ಲಿ ಯಾರೂ ಕಾಫಿ ಕೊಳ್ಳುವುದಿಲ್ಲ, ಒಳಗಿನಿಂದ ಸ್ಯಾಂಪಲ್ ತೆಗೆದು ಔಟ್‌ಟರ್ನ್, ಅಂದರೆ ಎಷ್ಟು ಬೇಳೆ ಸಿಗುತ್ತದೆ ಎಂದು ನೋಡುತ್ತಾರೆ. ಫೈಲಿಗೂ ಅಂಥ ಸ್ಯಾಂಪಲ್ ಇದೆ, ಅದರ ಮೊದಲ ಕೆಲವು ಬೈಟ್‌ಗಳು. ವಿಂಡೋಸ್ ಪ್ರೋಗ್ರಾಂ ಆದರೆ ‘ಎಂ ಝಡ್’ ಎಂಬ ಎರಡು ಅಕ್ಷರದಿಂದ ಶುರುವಾಗುತ್ತದೆ. ಆ ರೂಪವನ್ನು ರೂಪಿಸಿದ ಮೈಕ್ರೋಸಾಫ್ಟ್‌ನ ಮಾರ್ಕ್ ಝ್ಬಿಕೋವ್ಸ್ಕಿಯ ಹೆಸರಿನ ಮೊದಲಕ್ಷರಗಳು ಅವು. ಜಿಪ್ ಆದರೆ ‘ಪಿ ಕೆ’, ಜಿಪ್ ಮಾಡಿದ ಫಿಲ್ ಕಾಟ್ಜ್‌ನ ಗುರುತು. ಹೆಸರು ಏನೇ ಇಟ್ಟರೂ ಈ ಗುರುತು ಬದಲಾಗುವುದಿಲ್ಲ. ಮೇಲ್ ಸೇವೆಗಳ ಸ್ಕ್ಯಾನರ್‌ಗಳು ಹೆಸರಿನ ಜೊತೆಗೆ ಒಳಗನ್ನೂ ಹೀಗೆ ನೋಡುತ್ತವೆ. ಜಿಮೇಲ್ ಇಎಕ್ಸ್‌ಇ ಫೈಲನ್ನು ಒಳಗೆ ಬಿಡುವುದೇ ಇಲ್ಲ, ಜಿಪ್‌ನೊಳಗೆ ಇಟ್ಟರೂ ಬಿಡುವುದಿಲ್ಲ.

ಅದಕ್ಕೇ ಕಳ್ಳರು ಜಿಪ್‌ಗೆ ಬೀಗ ಹಾಕಿ ಕಳಿಸುತ್ತಾರೆ. ಪಾಸ್‌ವರ್ಡ್ ಹಾಕಿದ ಜಿಪ್‌ನೊಳಗಿನದು ಗೂಢಲಿಪಿಯಲ್ಲಿ ಇರುತ್ತದೆ, ಸ್ಕ್ಯಾನರ್‌ಗೆ ಓದಲಾಗುವುದಿಲ್ಲ. ಪಾಸ್‌ವರ್ಡ್ ಮಾತ್ರ ಅದೇ ಮೇಲ್‌ನಲ್ಲಿ ಬರೆದಿರುತ್ತದೆ. ಬೀಗ, ಬೀಗದಕೈ ಎರಡೂ ಒಟ್ಟಿಗೆ ಬಂದರೆ ಆ ಬೀಗ ಯಾರಿಂದ ಮುಚ್ಚಿಡಲು? ಬ್ಯಾಂಕಿನ ಸ್ಟೇಟ್‌ಮೆಂಟ್, ಇ-ಆಧಾರ್ ಕೂಡ ಪಾಸ್‌ವರ್ಡ್ ಹಾಕಿಯೇ ಬರುತ್ತವೆ, ನಿಜ. ಆದರೆ ಅಲ್ಲಿ ಪಾಸ್‌ವರ್ಡ್ ನಿಮ್ಮ ಹೆಸರು, ಹುಟ್ಟಿದ ವರ್ಷದಂಥವುಗಳಿಂದ ಆಗಿರುತ್ತದೆ. ಅದನ್ನು ಹಾಗೇ ಬರೆದು ಕಳಿಸುವುದಿಲ್ಲ.

ವರ್ಡ್, ಎಕ್ಸೆಲ್ ಫೈಲುಗಳ ಕಥೆ ಬೇರೆ. ಅವುಗಳೊಳಗೆ ಮ್ಯಾಕ್ರೋ ಎಂಬ ಚಿಕ್ಕ ಪ್ರೋಗ್ರಾಂ ಅಡಗಿರಬಹುದು. 1999ರ ಮೆಲಿಸ್ಸಾ ವೈರಸ್ ಹಾಗೆಯೇ ಬಂದದ್ದು, ತೆರೆದವರ ವಿಳಾಸಪಟ್ಟಿಯ ಮೊದಲ 50 ಮಂದಿಗೆ ಹೋಗುತ್ತಿತ್ತು. ಇಂಟರ್ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ ತಾನಾಗಿ ತಡೆಯಲು ಶುರುಮಾಡಿದ್ದು 2022ರಲ್ಲಿ. ಹಳೆಯ ಆಫೀಸ್ ಇಟ್ಟುಕೊಂಡ ಅಂಗಡಿಗಳಲ್ಲಿ ಈ ತಡೆ ಇಲ್ಲ. ‘ಎನೇಬಲ್ ಕಂಟೆಂಟ್’ ಒತ್ತಿದರೆ ಮ್ಯಾಕ್ರೋ ಓಡುತ್ತದೆ; ಅದನ್ನು ಒತ್ತಿ ಎಂದು ಫೈಲೇ ಗೋಗರೆದರೆ ಅದನ್ನು ಅಲ್ಲೇ ಮುಚ್ಚಿಬಿಡಿ.

ನೋಡಲೇಬೇಕಾದ ಫೈಲನ್ನು ನೋಡುವ ಒಳ್ಳೆಯ ದಾರಿ ಮೇಲ್‌ನ ಪ್ರಿವ್ಯೂ. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಅಟ್ಯಾಚ್‌ಮೆಂಟ್ ಮೇಲೆ ಒತ್ತಿದರೆ ಫೈಲ್ ಗೂಗಲ್‌ನ ಕಂಪ್ಯೂಟರಿನಲ್ಲಿ ಬಿಚ್ಚಿಕೊಳ್ಳುತ್ತದೆ, ನಿಮಗೆ ಬರುವುದು ಅದರ ಪುಟಗಳ ಚಿತ್ರ. ಡೌನ್‌ಲೋಡ್ ಒತ್ತುವ ಅಗತ್ಯವೇ ಇಲ್ಲ. ತಿಗಣೆಯ ಫೋಟೊ ನಿಜವಾದ ಫೋಟೊ ಆಗಿದ್ದರೆ ಅಲ್ಲೇ ಕಾಣುತ್ತದೆ. ಕಾಣದಿದ್ದರೆ ‘ಫೋಟೊ ತೆರೆಯುತ್ತಿಲ್ಲ, ಮಾಮೂಲಿ ಜೆಪಿಜಿಯಾಗಿ ಕಳಿಸಿ’ ಎಂದು ವಿನಯವಾಗಿ ಉತ್ತರ ಬರೆಯಿರಿ. ನಿಜವಾದ ಅತಿಥಿ ಖಂಡಿತ ಕಳಿಸುತ್ತಾರೆ. ಪ್ರಿವ್ಯೂ ಒಳಗೆ ಕಾಣುವ ಲಿಂಕ್ ಮಾತ್ರ ಒತ್ತಬೇಡಿ. ಎಷ್ಟೋ ಪಿಡಿಎಫ್‌ಗಳಲ್ಲಿ ‘ದಾಖಲೆ ನೋಡಲು ಇಲ್ಲಿ ಒತ್ತಿ’ ಎಂಬ ಬಟನ್ ಬಿಟ್ಟು ಬೇರೇನೂ ಇರುವುದಿಲ್ಲ, ಒತ್ತಿದರೆ ನಕಲಿ ಲಾಗಿನ್ ಪುಟ. ವೆಬ್ ಪುಟದಂತೆ ತೆರೆಯುವ ಎಚ್‌ಟಿಎಂಎಲ್ ಅಟ್ಯಾಚ್‌ಮೆಂಟ್ ಕೂಡ ಇದೇ ಕೆಲಸಕ್ಕೆ ಬರುತ್ತದೆ.

ವೈರಸ್‌ಟೋಟಲ್ ಎಂಬ ಉಚಿತ ಸೇವೆಗೆ ಫೈಲ್ ಹಾಕಿದರೆ ಹತ್ತಾರು ಆಂಟಿವೈರಸ್‌ಗಳು ಅದನ್ನು ಪರೀಕ್ಷಿಸುತ್ತವೆ. ಆದರೆ ಅಲ್ಲಿ ಹಾಕಿದ ಫೈಲನ್ನು ಭದ್ರತಾ ಕಂಪನಿಗಳು, ಸಂಶೋಧಕರು ನೋಡಬಹುದು. ಅತಿಥಿಯ ಪಾಸ್‌ಪೋರ್ಟ್ ಅಲ್ಲಿಗೆ ಹಾಕುವುದು ಅವರಿಗೆ ಮಾಡುವ ಅನ್ಯಾಯ. ‘ಏನೂ ಇಲ್ಲ’ ಎಂದು ಬಂದರೂ ಪೂರ್ತಿ ನಂಬುವಂತಿಲ್ಲ, ಇವತ್ತು ಹುಟ್ಟಿದ ವೈರಸ್ ಯಾರಿಗೂ ಗೊತ್ತಿರುವುದಿಲ್ಲ.

ಪರಿಚಯದವರ ಮೇಲ್ ಆದರೆ? ಅದೇ ನನಗೆ ಜಾಸ್ತಿ ಭಯ. 2014ರಿಂದ ಓಡಾಡಿದ ಇಮೋಟೆಟ್ ಎಂಬ ಕಳ್ಳ ಪ್ರೋಗ್ರಾಂ ಕದ್ದ ಮೇಲ್‌ಗಳನ್ನು ಬಳಸಿ, ಹಳೆಯ ಮಾತುಕತೆಗೇ ಉತ್ತರ ಬರೆದಂತೆ ಅಟ್ಯಾಚ್‌ಮೆಂಟ್ ಕಳಿಸುತ್ತಿತ್ತು. ಹಲವು ದೇಶಗಳ ಪೊಲೀಸರು ಸೇರಿ 2021ರ ಜನವರಿಯಲ್ಲಿ ಅದನ್ನು ಮಟ್ಟಹಾಕಿದರು, ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ಬಂತು. ಹೀಗಾಗಿ ನೀವು ಕೇಳದ ಫೈಲ್ ಬಂದರೆ ಫೋನ್ ಮಾಡಿ ಕೇಳುವುದೇ ಸರಿ. ಮೇಲ್‌ನಲ್ಲಿರುವ ನಂಬರಿಗೆ ಬೇಡ, ನಿಮ್ಮಲ್ಲಿ ಮೊದಲೇ ಇರುವ ನಂಬರಿಗೆ. ಮಳೆಗಾಲದಲ್ಲಿ ತೋಟದ ಕಡೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ ಎಂದಾದರೆ ಬಿಲ್ ನಾಳೆಯವರೆಗೆ ಕಾಯಲಿ.

ವಾಟ್ಸಾಪ್‌ನಲ್ಲಿ ಬರುವ ಮದುವೆ ಕರೆಯೋಲೆಗೂ ಇದೇ ಕಣ್ಣು ಬೇಕು. ಕರೆಯೋಲೆ ಚಿತ್ರವೋ ಪಿಡಿಎಫ್ಫೋ ಆಗಿರುತ್ತದೆ. ಎಪಿಕೆ ಎಂದಿದ್ದರೆ ಅದು ಆ್ಯಪ್, ಒಳಗೆ ಬಂದು ನಿಮ್ಮ ಒಟಿಪಿ ಓದುತ್ತದೆ.

ತೆರೆದುಬಿಟ್ಟಿದ್ದರೆ ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿರಿ. ಮೇಲ್ ಅಳಿಸಬೇಡಿ, ತನಿಖೆಗೆ ಅದು ಬೇಕಾಗುತ್ತದೆ. ಬೇರೆ ಫೋನಿನಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿ. ಹಣ ಹೋಗಿದ್ದರೆ ತಕ್ಷಣ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ, ಮಡಿಕೇರಿಯ ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಿ. ಆಮೇಲೆ ನಿಮ್ಮ ಕಾಫಿ ವ್ಯಾಪಾರಿಗೆ, ಆಡಿಟರ್‌ಗೆ, ಮುಂಗಡ ಕಟ್ಟಿದ ಅತಿಥಿಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿ: ನನ್ನ ಹೆಸರಿನಲ್ಲಿ ಯಾವ ಫೈಲ್ ಬಂದರೂ ತೆರೆಯಬೇಡಿ, ಖಾತೆ ನಂಬರ್ ಬದಲಾಗಿದೆ ಎಂದು ಮೇಲ್ ಬಂದರೆ ಹಣ ಹಾಕಬೇಡಿ.