ವಿದ್ಯಾರ್ಥಿಗಳ ಸಾಕ್ಷ್ಯಚಿತ್ರ ನೋಡಿದರೆ ಈಜಿಪ್ಟ್ ಅರ್ಥವಾಗುತ್ತದೆಯೇ?

ಓದುಗರ ಪ್ರಶ್ನೆ: ಈಜಿಪ್ಟ್ ಎಂದರೆ ನನಗೆ ಪಿರಮಿಡ್ಡು, ಮಮ್ಮಿಗಳಷ್ಟೇ ಗೊತ್ತು. ಅಲ್ಲಿನ ಜನಜೀವನ ತಿಳಿಯಬೇಕಾದರೆ ಸಿನಿಮಾ ವಿದ್ಯಾರ್ಥಿಗಳು ತೆಗೆದ ಸಾಕ್ಷ್ಯಚಿತ್ರಗಳನ್ನು ನೋಡಿ ಎಂದು ಸ್ನೇಹಿತರೊಬ್ಬರು ಹೇಳಿದರು. ಇನ್ನೂ ಕಲಿಯುತ್ತಿರುವವರ ಕೆಲಸವನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಧಾರಾಳವಾಗಿ ನಂಬಬಹುದು. ನಿಮ್ಮ ಸ್ನೇಹಿತರು ಒಳ್ಳೆಯ ದಾರಿಯನ್ನೇ ತೋರಿಸಿದ್ದಾರೆ. ಯಾಕೆಂದು ಹೇಳಲು ಒಂದು ಪುಟ್ಟ ಕಪ್ಪು-ಬಿಳುಪು ಚಿತ್ರದಿಂದಲೇ ಶುರುಮಾಡುತ್ತೇನೆ.

1971ರಲ್ಲಿ ಅತಿಯಾತ್ ಅಲ್-ಅಬ್ನೂದಿ ಎಂಬ ತರುಣಿ ಕೈರೋ ಪಕ್ಕದ ಗೀಜಾದಲ್ಲಿ ಸಿನಿಮಾ ಕಲಿಯುತ್ತಿದ್ದರು. ಈಜಿಪ್ಟ್ ಸರ್ಕಾರದ ಆ ಉನ್ನತ ಸಿನಿಮಾ ಶಿಕ್ಷಣ ಸಂಸ್ಥೆ ಆರಂಭವಾದದ್ದು 1959ರಲ್ಲಿ. ನೈಲ್ ಮುಖಜಭೂಮಿಯ ಹಳ್ಳಿಯಲ್ಲಿ ಹುಟ್ಟಿದ ಅತಿಯಾತ್ ಅಷ್ಟರಲ್ಲಾಗಲೇ ಕಾನೂನು ಪದವಿ ಮುಗಿಸಿದ್ದರು. ಜಗತ್ತಿನ ಕ್ಯಾಮೆರಾಗಳೆಲ್ಲ ಗೀಜಾಕ್ಕೆ ಬರುವುದು ಪಿರಮಿಡ್ ಹುಡುಕಿಕೊಂಡು. ಅತಿಯಾತ್ ತಮ್ಮ ಕ್ಯಾಮೆರಾವನ್ನು ನೈಲ್ ದಡದ ಇಟ್ಟಿಗೆ ಮಾಡುವವರ ಮುಂದೆ ಇಟ್ಟರು. ‘ಹುಸಾನ್ ಅಲ್-ತೀನ್’, ಅಂದರೆ ‘ಮಣ್ಣಿನ ಕುದುರೆ’, ಹುಟ್ಟಿದ್ದು ಹಾಗೆ. ಕುದುರೆ ಸುತ್ತಿ ಸುತ್ತಿ ಕೆಸರು ತುಳಿಯುತ್ತದೆ, ಕೈಗಳು ಮಣ್ಣನ್ನು ಅಚ್ಚಿಗೆ ತುಂಬುತ್ತವೆ, ಹೆಂಗಸರೂ ಹುಡುಗಿಯರೂ ಇಟ್ಟಿಗೆ ಹೊತ್ತು ನಡೆಯುತ್ತಾರೆ. ಕುದುರೆಯ ದುಡಿಮೆ ಎಲ್ಲಿ ಮುಗಿಯಿತು, ಮನುಷ್ಯರದ್ದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ನನಗೆ ಅತ್ಯಂತ ಮುಖ್ಯವೆನಿಸುವುದು ಆ ಚಿತ್ರದ ದನಿ. ವಿವರಣೆ ಕೊಡುವ ಪಂಡಿತರು ಅಲ್ಲಿಲ್ಲ. ದುಡಿಯುವವರೇ ತಮ್ಮ ಬದುಕಿನ ಬಗ್ಗೆ ಮಾತನಾಡುತ್ತಾರೆ. ಅರಬ್ಬಿಯಲ್ಲಿ ಬರವಣಿಗೆಯ, ಸುದ್ದಿ ವಾಚನದ ಗ್ರಾಂಥಿಕ ಭಾಷೆಯೇ ಬೇರೆ, ಮನೆ-ಬೀದಿಯ ಆಡುಮಾತೇ ಬೇರೆ. ಇಟ್ಟಿಗೆ ಹೊರುವವಳ ಮಾತು ಅವಳ ಬಾಯಿಂದ ಬಂದಂತೆಯೇ ಪರದೆಗೆ ಬಂತೆಂದರೆ, ಅವಳ ಬದುಕಿಗೆ ಅರ್ಥ ಹೇಳುವ ಹಕ್ಕು ಅವಳಿಗೇ ಸಿಕ್ಕಿತು ಎಂದೇ ಲೆಕ್ಕ.

ಈ ಚಿತ್ರಕ್ಕೆ ಈಗ ಇನ್ನೊಂದು ಬೆಲೆಯೂ ಬಂದಿದೆ. ನೈಲ್ ನದಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಅಣೆಕಟ್ಟು, ಅಸ್ವಾನ್ ಹೈ ಡ್ಯಾಮ್, 1970ರಲ್ಲಿ ಪೂರ್ಣಗೊಂಡಿತ್ತು. ಪ್ರತಿ ವರ್ಷದ ಪ್ರವಾಹ ಹೊತ್ತು ತರುತ್ತಿದ್ದ, ಇಟ್ಟಿಗೆಗೆ ಬಳಸುತ್ತಿದ್ದ ಮೆಕ್ಕಲು ಮಣ್ಣು ಅಣೆಕಟ್ಟಿನ ಹಿಂದೆಯೇ ಉಳಿಯಿತು. ಇಟ್ಟಿಗೆಗಾಗಿ ಹೊಲಗಳ ಮೇಲ್ಮಣ್ಣನ್ನು ಕೆರೆದು ಒಯ್ಯುವುದು ಹೆಚ್ಚಿದಾಗ, 1980ರ ದಶಕದಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅತಿಯಾತ್ ಸೆರೆಹಿಡಿದದ್ದು ಕೊನೆಗಾಲಕ್ಕೆ ಬಂದಿದ್ದ ಒಂದು ಕಸುಬನ್ನು.

ಮರುವರ್ಷ, 1972ರಲ್ಲಿ, ಅವರು ‘ತೂಹಾಳ ದುಃಖದ ಹಾಡು’ ಮಾಡಿದರು. ಕೈರೋದ ಬೀದಿಗಳಲ್ಲಿ ನಮ್ಮ ದೊಂಬರಂತೆ ಆಟ ತೋರಿಸಿ ಹೊಟ್ಟೆ ಹೊರೆಯುವವರು, ಬೆಂಕಿ ನುಂಗುವವರು, ಮೈಯನ್ನು ಬಿಲ್ಲಿನಂತೆ ಬಾಗಿಸುವ ಮಕ್ಕಳು ಅದರಲ್ಲಿದ್ದಾರೆ. ಅದಕ್ಕೆ ಕವಿಸಾಲು ಕೊಟ್ಟವರು ಅವರ ಪತಿ, ಆಡುಮಾತಿನ ದೊಡ್ಡ ಕವಿ ಅಬ್ದೆಲ್ ರಹಮಾನ್ ಅಲ್-ಅಬ್ನೂದಿ. 2018ರಲ್ಲಿ ತೀರಿಕೊಳ್ಳುವವರೆಗೂ ಅತಿಯಾತ್ ಬಡವರ ಸಿನಿಮಾಕರ್ತೆ ಎಂದೇ ಹೆಸರಾಗಿದ್ದರು.

ಹಾಗೆಂದು ಎಲ್ಲ ವಿದ್ಯಾರ್ಥಿ ಚಿತ್ರಗಳೂ ಎಲ್ಲವನ್ನೂ ತೋರಿಸುತ್ತವೆ ಎಂದುಕೊಳ್ಳಬೇಡಿ. ಈಜಿಪ್ಟಿನಲ್ಲಿ ಬೀದಿಯಲ್ಲಿ ಕ್ಯಾಮೆರಾ ಹಿಡಿಯುವುದು ಸಲೀಸಲ್ಲ. 2022ರಲ್ಲಿ ಸ್ವಂತ ಬಳಕೆಯ ಛಾಯಾಗ್ರಹಣಕ್ಕೆ ಅನುಮತಿ ಬೇಡವೆಂದು ಸರ್ಕಾರ ಹೇಳಿತಾದರೂ, ದೇಶದ ಹೆಸರಿಗೆ ಧಕ್ಕೆ ತರುವ ದೃಶ್ಯ ತೆಗೆಯಬಾರದು, ಜನರ ಚಿತ್ರಕ್ಕೆ ಅವರ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತುಗಳನ್ನು ಸೇರಿಸಿತು. ಧಕ್ಕೆ ಯಾವುದು ಎಂದು ತೀರ್ಮಾನಿಸುವವರು ಯಾರು? ದಾರಿಯಲ್ಲಿ ನಿಂತ ಪೊಲೀಸನೂ ಆಗಬಹುದು. ಇಟ್ಟಿಗೆ ಹೊರುವ ಹುಡುಗಿ ದೇಶಕ್ಕೆ ಅವಮಾನ ಎಂದು ಅವನಿಗೆ ಅನ್ನಿಸಿದರೆ ಚಿತ್ರ ಅಲ್ಲಿಗೇ ನಿಂತಿತು. ಆದ್ದರಿಂದ ಈಗಿನ ವಿದ್ಯಾರ್ಥಿಯ ಚಿತ್ರವೊಂದು ಅಜ್ಜಿಯ ಅಡುಗೆಮನೆಯಲ್ಲೋ ಮನೆಯ ತಾರಸಿಯಲ್ಲೋ ನಡೆದರೆ ಅದನ್ನು ಹಗುರವಾಗಿ ಕಾಣಬೇಡಿ. ನಾಲ್ಕು ಗೋಡೆಯೊಳಗಿನ ಮಾತು ಬೀದಿಯಲ್ಲಿ ಸಿಗುವುದಿಲ್ಲ.

ನೋಡುವಾಗ ಒಂದನ್ನು ಗಮನಿಸಿ: ಕ್ಯಾಮೆರಾ ಒಬ್ಬ ವ್ಯಕ್ತಿಯ ಬಳಿ ಎಷ್ಟು ಹೊತ್ತು ನಿಲ್ಲುತ್ತದೆ? ಮುಖವೊಂದನ್ನು ತೋರಿಸಿ ಸಂಗೀತ ತುಂಬಿ ಮುಂದೆ ಓಡುವ ಚಿತ್ರದಿಂದ ನಿಮಗೆ ದಕ್ಕುವುದು ಕಡಿಮೆ. ಸುಯೆಜ್ ಕಾಲುವೆಯ ಬದಿಯ ಇಸ್ಮಾಯಿಲಿಯಾ ನಗರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೆಂದೇ 1991ರಲ್ಲಿ ಆರಂಭವಾದ ಚಿತ್ರೋತ್ಸವವಿದೆ. ಹೊಸಬರ ಹೆಸರುಗಳನ್ನು ಅದರ ಪಟ್ಟಿಗಳಲ್ಲಿ ಹುಡುಕಬಹುದು. ಆದರೆ ಮೊದಲು ‘ಮಣ್ಣಿನ ಕುದುರೆ’ಯನ್ನು ಎರಡು ಸಲ ನೋಡಿ. ಒಮ್ಮೆ ಉಪಶೀರ್ಷಿಕೆ ಓದಿಕೊಂಡು, ಇನ್ನೊಮ್ಮೆ ಆ ಕೈಗಳನ್ನು ಮಾತ್ರ.