ಹ್ಯಾಂಡಲ್ ತಿರುಗಿಸಿದರೆ ಆಫ್ ಆಗುವ ಬೈಕು

ಹ್ಯಾಂಡಲ್ ಬಲಕ್ಕೆ ತಿರುಗಿಸಿದರೆ ಎಂಜಿನ್ ಆಫ್, ನೇರ ಮಾಡಿದರೆ ಮತ್ತೆ ಚಾಲೂ. ಇಂಥ ಬೈಕಿಗೆ ಮೊದಲು ಬ್ಯಾಟರಿ, ಆಮೇಲೆ ಸಿಡಿಐ (ಕಿಡಿಯ ಸಮಯ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ), ಕೊನೆಗೆ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ) ಬದಲಿಸಿ ದುಡ್ಡು ಕಳೆದುಕೊಳ್ಳುವವರು ಬಹಳ. ದೋಷವಿರುವುದು ಹೆಚ್ಚಾಗಿ ಹೆಡ್‌ಲೈಟ್ ಹಿಂದೆ, ವೈರಿಂಗ್ ಕಟ್ಟು ಚಾಸಿಯಿಂದ ಹ್ಯಾಂಡಲ್‌ಗೆ ದಾಟುವಲ್ಲಿ. ಪ್ರತಿ ತಿರುವಿಗೂ ಅಲ್ಲಿ ವೈರು ಮಡಚಿಕೊಳ್ಳುತ್ತದೆ. ಒಳಗೆ ತಾಮ್ರದ ಎಳೆಗಳು ಒಂದೊಂದೇ ತುಂಡಾದರೂ ಹೊರಗಿನ ಹೊದಿಕೆ ಹೊಸದರಂತೆಯೇ ಕಾಣುತ್ತದೆ.

ಮಲ್ಟಿಮೀಟರ್ ಹಿಡಿದರೂ ಮೋಸ ಹೋಗುವುದು ಸುಲಭ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಒಂದೇ ಎಳೆ ಉಳಿದಿದ್ದರೂ ವೈರಿನ ತುದಿಯಲ್ಲಿ ಪೂರ್ತಿ 12.6 ವೋಲ್ಟ್ ಕಾಣುತ್ತದೆ. ಅದೇ ದಾರಿಯಲ್ಲಿ 35 ವ್ಯಾಟ್ ಬಲ್ಬ್ ಉರಿಸಿ ನೋಡಿ. ಕಿಲುಬು ಹಿಡಿದ ಕಪ್ಲರ್‌ನಲ್ಲಿ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಬರೀ ಅರ್ಧ ಓಮ್ ರೋಧವಿದ್ದರೂ ಸುಮಾರು 1.3 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ, ಬೆಳಕು ಮೂರನೇ ಒಂದರಷ್ಟು ಕುಗ್ಗುತ್ತದೆ.

ಆದ್ದರಿಂದ ಲೋಡ್ ಇರುವಾಗಲೇ, ಅಂದರೆ ಬಲ್ಬ್‌ನಂಥದ್ದು ಕರೆಂಟ್ ಎಳೆಯುತ್ತಿರುವಾಗಲೇ, ಅಳೆಯಬೇಕು. ಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ. ಒಂದು ಪ್ರೋಬ್ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಬ್ರೇಕ್ ಲೈಟಿನ ಪ್ಲಸ್ ಟರ್ಮಿನಲ್‌ಗೆ ಇಟ್ಟು ಬ್ರೇಕ್ ಒತ್ತಿ. ಈಗ ತೋರುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟ್ ದಾಟಿದರೆ ಬ್ರೇಕ್ ಲೈಟಿನ ಕಡೆಯ ಪ್ರೋಬನ್ನು ಒಂದೊಂದೇ ಕಪ್ಲರ್ ಬ್ಯಾಟರಿಯತ್ತ ಹಿಂದಕ್ಕೆ ತನ್ನಿ. ಅಂಕಿ ಎಲ್ಲಿ ತಟ್ಟನೆ ಇಳಿಯುತ್ತದೋ ಆ ಜಾಗಕ್ಕೂ ಅದಕ್ಕೆ ಮೊದಲು ಪ್ರೋಬ್ ಇಟ್ಟಿದ್ದ ಜಾಗಕ್ಕೂ ನಡುವಿನ ತುಂಡಿನಲ್ಲೇ ದೋಷ. (ಹೆಡ್‌ಲೈಟ್ ನೇರ ಮ್ಯಾಗ್ನೆಟೋದ (ಎಂಜಿನ್ ತಿರುಗಿಸುವ ಕರೆಂಟ್ ಉತ್ಪಾದಕ) ಎಸಿಯಿಂದ ಉರಿಯುವ ಹಳೆಯ ಬೈಕುಗಳಲ್ಲಿ ಹೆಡ್‌ಲೈಟ್ ಮೇಲೆ ಈ ಪರೀಕ್ಷೆ ನಡೆಯದು.) ಅರ್ಥಿಂಗ್ ನೋಡಲು ಬ್ಯಾಟರಿ ಮೈನಸ್ ಮತ್ತು ಎಂಜಿನ್ನಿನ ಬರಿ ಲೋಹದ ನಡುವೆ ಪ್ರೋಬ್ ಇಟ್ಟು ಸೆಲ್ಫ್ ಒತ್ತಿ. 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥ್ ಬೋಲ್ಟ್ ಬಿಚ್ಚಿ, ಬಣ್ಣ, ತುಕ್ಕು ಕೆರೆದು ಬಿಗಿ ಮಾಡಿ.

ಅಳೆಯುತ್ತಲೇ ವೈರಿಂಗನ್ನು ಬೆರಳಿನಿಂದ ಅಲ್ಲಾಡಿಸಿ. ಒಮ್ಮೆಗೆ ಒಂದೇ ಕಪ್ಲರ್. ನಾಲ್ಕನ್ನು ಒಟ್ಟಿಗೆ ಎಳೆದಾಡಿದರೆ ದೋಷ ತಾನಾಗಿ ಮಾಯವಾಗಿ, ಎಲ್ಲಿತ್ತೆಂಬ ಸುಳಿವೂ ಹೋಗುತ್ತದೆ. ಅನುಮಾನದ ವೈರನ್ನು ಮೆಲ್ಲಗೆ ಎಳೆದಾಗ ಒಂದು ಜಾಗ ರಬ್ಬರಿನಂತೆ ಹಿಗ್ಗಿದರೆ ಅಲ್ಲಿ ಒಳಗೆ ತಾಮ್ರ ತುಂಡಾಗಿದೆ.

ತಣ್ಣಗಿದ್ದಾಗ ಸರಿಯಿದ್ದು ಎಂಜಿನ್ ಕಾದ ಮೇಲೆ ನಿಲ್ಲುವ ಬೈಕಿನಲ್ಲಿ ಪಲ್ಸರ್ ಕಾಯಿಲನ್ನು (ಕಿಡಿ ಯಾವಾಗ ಹಾರಬೇಕೆಂದು ಸಿಡಿಐಗೆ ಸೂಚನೆ ಕೊಡುವ ಸುರುಳಿ) ಅನುಮಾನಿಸಿ. ಬಿಸಿಗೆ ಹಿಗ್ಗಿದಾಗ ಒಳಗಿನ ಸಣ್ಣ ತಂತಿಯ ಬಿರುಕು ಬಾಯ್ಬಿಡುತ್ತದೆ. ಕಾಯಿಲ್‌ನ ಓಮ್ ಅಂಕಿಯನ್ನು ತಣ್ಣಗಿದ್ದಾಗೊಮ್ಮೆ, ಎಂಜಿನ್ ನಿಂತ ಕೂಡಲೇ ಇನ್ನೊಮ್ಮೆ ನೋಡಿ. ಬಿಸಿಗೆ ಅಂಕಿ ಸ್ವಲ್ಪ ಏರುವುದು ಸಹಜ, ಪೂರ್ತಿ ಓಪನ್ (ತಂತಿ ತುಂಡಾದಂತೆ) ತೋರುವುದು ಸಹಜವಲ್ಲ.

ತುಂಡಾದ ವೈರನ್ನು ಹೊಸೆದು ಟೇಪ್ ಸುತ್ತಿದರೆ ಮಳೆಗಾಲದಲ್ಲಿ ಮತ್ತೆ ಕೈಕೊಡುತ್ತದೆ. ಕೆಟ್ಟ ಭಾಗ ಕತ್ತರಿಸಿ, ಅಷ್ಟೇ ದಪ್ಪದ ವೈರ್ ತುಂಡು ಸೇರಿಸಿ, ಜೋಡಣೆಗಳನ್ನು ಕ್ರಿಂಪ್ ಮಾಡಿ (ಲೋಹದ ಕೊಳವೆಯೊಳಗೆ ಒತ್ತಿ ಬಿಗಿದು) ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ) ತೋಳು ಹಾಕಿ. ಬೆಸುಗೆ ಹಾಕಿದ ವೈರು ಸೆಡೆತು ಮಡಚುವ ಜಾಗದಲ್ಲಿ ಬೇಗ ಮುರಿಯುತ್ತದೆ, ಆದ್ದರಿಂದ ಜೋಡಣೆಗಳು ಆ ಜಾಗದಿಂದ ದೂರವಿರಲಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗಲೂ ವೈರು ಬಿಗಿಯಾಗಬಾರದು.